ಇಹೊತುವಿನ ಬಿಳಿ ಮಾತ್ರೆ

ಹುಡುಗರ ಹಾಸ್ಟೆಲು, ಕಲಬಾರ್
22 ಅಕ್ಟೋಬರ್ 1995

ಪ್ರೀತಿಯ ಅಜುಮ ಅಕ್ಕನಿಗೆ,

ಈ ಕಾಗದವನ್ನು ಅಪ್ಪನ ಮುಂದೆ ಒಡೆಯಬೇಡ, ಓದಲು ಬರದವನು, ಪೂರ್ತಿ ಓದಿ ಹೇಳು ಅನ್ನುತ್ತಾನೆ. ಒಡೆದುಬಿಟ್ಟಿದ್ದರೆ ಒಲೆ ಮೇಲೆ ಏನೋ ಸೀಯುತ್ತಿದೆ ಅಂತ ಹೇಳಿ ಒಳಗೆ ಹೋಗಿ ಓದು.

ಒಂದು ವರ್ಷದಿಂದ ಹೊಟ್ಟೆಯೊಳಗೆ ಇಟ್ಟುಕೊಂಡಿರುವುದನ್ನು ಹೇಳುತ್ತೇನೆ. ನನಗೆ ಮೆಡಿಸಿನ್ ಸಿಗಲೇ ಇಲ್ಲ. ಹೋದ ವರ್ಷ ಹೆಸರಿನ ಪಟ್ಟಿ ಅಂಟಿಸಿದಾಗ ಅದನ್ನು ಮೇಲಿನಿಂದ ಕೆಳಗೆ ನಾಲ್ಕು ಸಲ ಓದಿದೆ. ಕೊನೆಗೆ ಪಕ್ಕದ ಗೋಡೆಯ ಪಟ್ಟಿಯಲ್ಲಿ ನನ್ನ ಹೆಸರು ಸಿಕ್ಕಿತು. ಫಾರ್ಮಕಾಲಜಿ, ಅಂದರೆ ಔಷಧಶಾಸ್ತ್ರ. ಇಲ್ಲಿ ಮೆಡಿಸಿನ್ ಸಿಗದವರಿಗೆ ಫಾರ್ಮಸಿ ಕೊಡುತ್ತಾರೆ, ಅದೂ ಸಿಗದವರನ್ನು ಇಲ್ಲಿಗೆ ತಳ್ಳುತ್ತಾರೆ. ನನ್ನ ಕೋಣೆಯ ಆರ್ಚಿಬಾಂಗ್ ಹೇಳುವುದು ಹೀಗೆ: "ಮೆಡಿಸಿನ್‌ನವ್ರು ರೋಗೀನ ನೋಡ್ತಾರೆ, ಫಾರ್ಮಸಿಯವ್ರು ಮಾತ್ರೆ ಕೊಡ್ತಾರೆ, ನಾವು ಇಲಿ ಮುಖ ನೋಡ್ಕೊಂಡು ಕೂತ್ಕೋತೀವಿ." ನಾಲ್ಕು ವರ್ಷ ಓದಿದ ಮೇಲೂ ನಾನು ಒಬ್ಬ ಮನುಷ್ಯನಿಗೆ ಒಂದು ಚೀಟಿ ಬರೆದುಕೊಡುವ ಹಾಗಿಲ್ಲ. ಒಂದು ಔಷಧದ ಅಂಗಡಿ ತೆರೆಯುವ ಹಾಗೂ ಇಲ್ಲ.

ಹಾಗಂತ ಓದು ಕೆಟ್ಟದ್ದಲ್ಲ. ನುಂಗಿದ ಮಾತ್ರೆ ಹೊಟ್ಟೆಯಿಂದ ರಕ್ತಕ್ಕೆ ಹೇಗೆ ಇಳಿಯುತ್ತದೆ, ಎಲ್ಲಿ ಹೋಗಿ ಕೂರುತ್ತದೆ, ಎಷ್ಟು ಹೊತ್ತಿಗೆ ಕರಗಿಹೋಗುತ್ತದೆ ಎಂದು ಹೇಳಿಕೊಡುವಾಗ ಕ್ಲಾಸಿನಲ್ಲಿ ನಾನೊಬ್ಬನೇ ನಿದ್ದೆ ಮಾಡುವುದಿಲ್ಲ.

ಅಪ್ಪನಿಗೆ ಮಾತ್ರ ಹೇಳಬೇಡ. ಇಡೀ ಸ್ಟೇಷನ್ನಿಗೆ ಮಗ ಡಾಕ್ಟರು ಅಂತ ಸಾರಿದ್ದಾನೆ. ಒಂದು ಕೆಲಸ ಅಂತ ಸಿಗಲಿ, ನಾನೇ ಹೇಳುತ್ತೇನೆ. ಅಲ್ಲಿವರೆಗೆ ಮಾತು ಕೊಡು.

ನನ್ನ ಪುಟ್ಟ ತಂಗಿ ಇಹೊತು ಹೇಗಿದ್ದಾಳೆ? ಅವಳ ಕೈಬರಹದಲ್ಲಿ ಎರಡು ಸಾಲು ಬರೆಸಿ ಕಳಿಸು.

ನಿನ್ನ ತಮ್ಮ,
ಅಡಕೋಲೆ

*

ಒಕೆತೆ, ಒತುಕ್ಪೊ ದಾರಿ
19 ನವೆಂಬರ್ 1995

ಇಲಿ ಡಾಕ್ಟರಿಗೆ,

ಒಲೆ ಮೇಲೆ ಏನೂ ಇರಲಿಲ್ಲ. ಆದರೂ ಸೀದದ್ದು ಅಂತ ಹೇಳಿ ಒಳಗೆ ಬಂದೆ. ಅವ್ವ ಬಂದು ಮಡಕೆಯ ಮುಚ್ಚಳ ತೆಗೆದು ನೋಡಿ, ನನ್ನ ಮುಖವನ್ನೂ ನೋಡಿ ಹೋದಳು. ನಿನ್ನಿಂದಾಗಿ ಮೂವತ್ತು ವರ್ಷದ ಮೇಷ್ಟ್ರಮ್ಮ ಸುಳ್ಳು ಹೇಳುವುದನ್ನು ಕಲಿಯಬೇಕಾಯಿತು.

ಮಾತು ಕೊಟ್ಟಿದ್ದೇನೆ, ಹೇಳುವುದಿಲ್ಲ. ಆದರೆ ಇಲ್ಲಿ ಆಗುತ್ತಿರುವುದೇನು ಅಂತ ನಿನಗೆ ತಿಳಿದಿರಲಿ. ಅಪ್ಪ ರಿಟೈರಾಗಿ ನಾಲ್ಕು ವರ್ಷವಾದರೂ ದಿನಾ ಬೆಳಿಗ್ಗೆ ರೈಲ್ವೆ ಟೋಪಿ ಹಾಕಿಕೊಂಡು ಸ್ಟೇಷನ್ನಿನ ಬೆಂಚಿನ ಮೇಲೆ ಕೂರುತ್ತಾನೆ. ರೈಲು ವಾರಕ್ಕೆ ಒಂದು ಬಂದರೆ ಹೆಚ್ಚು. ಜನ ಅವನ ಹತ್ತಿರ ಕಾಯಿಲೆ ಹೇಳಿಕೊಂಡು ಬರುತ್ತಾರೆ. ಮೊನ್ನೆ ಕಾಲು ಊದಿಸಿಕೊಂಡು ಬಂದ ಸ್ಟೇಷನ್ ಮಾಸ್ಟರ ಹೆಂಡತಿಗೆ, "ನಮ್ ಡಾಕ್ಟ್ರು ಕ್ರಿಸ್‌ಮಸ್‌ಗೆ ಬರ್ತಾರಮ್ಮ, ಅಲ್ಲೀವರ್ಗೂ ಕಾಲು ಎತ್ತಿ ಇಟ್ಕೊಂಡಿರು" ಅಂದ. ಆಕೆ ಹಾಗೇ ಇಟ್ಟುಕೊಂಡಿದ್ದಾಳೆ.

ಇಹೊತುವಿನ ಎರಡು ಸಾಲು ಕೆಳಗಿದೆ. ಓದಲು ಆಗದಿದ್ದರೆ ಬೇಜಾರು ಮಾಡಿಕೊಳ್ಳಬೇಡ. ಬರೆಯುತ್ತಾ ಬರೆಯುತ್ತಾ ನಿದ್ದೆ ಹೋದಳು.

ಮಿಷನ್ ಆಸ್ಪತ್ರೆಯ ಬಿಳಿ ಮಾತ್ರೆ ಶುರುವಾಗಿ ಹದಿನಾಲ್ಕು ತಿಂಗಳು. ಒಂದು ಸಲವೂ ಮೂರ್ಛೆ ಬಂದಿಲ್ಲ. ದಿನಾ ಒಂದು, ಒಂದು ದಿನವೂ ತಪ್ಪಿಸಬಾರದು ಅಂತ ನರ್ಸ್ ಕೊಲೆಟ್ ಹೇಳಿದ್ದಾರೆ. ತಪ್ಪಿಸಿಲ್ಲ. ಈಗ ಬೆಂಕಿಗೆ ಬೀಳುವ ಭಯವಿಲ್ಲ, ಕೈಯ ಸುಟ್ಟ ಕಲೆಯೂ ಮಾಸಿದೆ. ಆದರೆ ಹುಡುಗಿ ಮಂಕಾಗಿದ್ದಾಳೆ ಕೋಲೆ. ಹತ್ತು ವರ್ಷಕ್ಕೆ ಮೂರನೇ ಕ್ಲಾಸಿನಲ್ಲಿ ಮೂರನೇ ಸಲ ಕೂತಿದ್ದಾಳೆ, ಅದೂ ನನ್ನದೇ ಕ್ಲಾಸು. ಡೆಸ್ಕಿನ ಮೇಲೆ ತಲೆ ಇಟ್ಟರೆ ಹುಡುಗರು ಮೂಗಿಗೆ ಸುಣ್ಣದ ಕಡ್ಡಿ ತುರುಕುತ್ತಾರೆ. "ಅಕ್ಕಾ, ನನ್ ತಲೆ ಒಳಗೆ ಯಾರೋ ಕಂಬಳಿ ಹೊದ್ಸಿದಾರೆ" ಅಂದಳು ಒಂದು ದಿನ. ಮೊದಲು ಎಷ್ಟು ಹಾಡುತ್ತಿದ್ದಳು!

ನೀನು ಇದನ್ನೇ ಓದುತ್ತಿದ್ದೀಯಲ್ಲ. ಇದಕ್ಕಿಂತ ಒಳ್ಳೆಯ ಔಷಧ ಇದೆಯಾ? ನೋಡಿ ಬರೆ.

ಅಜುಮ

*

ಕಲಬಾರ್
11 ಫೆಬ್ರವರಿ 1996

ಪ್ರೀತಿಯ ಅಕ್ಕನಿಗೆ,

ಕ್ರಿಸ್‌ಮಸ್‌ಗೆ ಬರಲಾಗಲಿಲ್ಲ, ಪಾಠಗಳು ರಜೆಯೊಳಕ್ಕೂ ನುಗ್ಗಿದವು. ಸ್ಟೇಷನ್ ಮಾಸ್ಟರ ಹೆಂಡತಿ ಇನ್ನು ಕಾಲು ಇಳಿಸಬಹುದು ಅಂತ ಹೇಳು.

ನಿನ್ನ ಪ್ರಶ್ನೆಯನ್ನು ನಾನು ಮರೆತಿರಲಿಲ್ಲ. ಮಿದುಳಿನ ಔಷಧಗಳ ಪಾಠ ಬರಲಿ ಅಂತ ಕಾಯುತ್ತಿದ್ದೆ, ಈಗ ಬಂತು. ಇಹೊತುವಿನ ಮಾತ್ರೆಯ ಹೆಸರು ಫಿನೋಬಾರ್ಬಿಟೋನ್. ಹೋದ ವಾರ ಲ್ಯಾಬಿನಲ್ಲಿ ನಾನೇ ಕೈಯಾರೆ ಅದನ್ನು ಇಲಿಗೆ ಕೊಟ್ಟೆ. ಮೂರ್ಛೆ ತರಿಸುವ ಇನ್ನೊಂದು ಔಷಧ ಚುಚ್ಚಿದರೆ ಬೇರೆ ಇಲಿಗಳೆಲ್ಲ ಕಾಲು ಸೆಟೆದು ಒದ್ದಾಡಿದವು, ಇದು ಒದ್ದಾಡಲಿಲ್ಲ. ಆದರೆ ನಡೆಯಲು ಬಿಟ್ಟರೆ ತೂರಾಡಿತು. ಬಾಲ ಎಳೆದರೂ ತಿರುಗಿ ನೋಡಲಿಲ್ಲ. ಅದನ್ನು ನೋಡುತ್ತಾ ನನಗೆ ನೆನಪಾದದ್ದು ಡೆಸ್ಕಿನ ಮೇಲೆ ತಲೆಯಿಟ್ಟ ನಮ್ಮ ಹುಡುಗಿ.

ಪುಸ್ತಕದಲ್ಲೂ ಹಾಗೇ ಇದೆ. ಹಳೆಯ ಕಾಲದ ಔಷಧ ಇದು. ಮಕ್ಕಳ ಬುದ್ಧಿಯನ್ನು ಮಂಕು ಮಾಡುತ್ತದೆ, ಓದಿನಲ್ಲಿ ಹಿಂದೆ ಬೀಳಿಸುತ್ತದೆ. ಈಗ ಇದಕ್ಕಿಂತ ಒಳ್ಳೆಯವು ಬಂದಿವೆ. ನನ್ನನ್ನು ಕೇಳಿದರೆ, ಆ ಮಾತ್ರೆಯನ್ನು ನಿಲ್ಲಿಸಿ ಬೇರೆಯದು ಕೊಡಿಸಬೇಕು. ಅಪ್ಪನಿಗೂ ಹೇಳು, ನಾನು ಹೇಳಿದೆ ಅಂತಲೇ ಹೇಳು: ಅದನ್ನು ನಿಲ್ಲಿಸಬೇಕು.

ಹಾಳೆಯ ಹಿಂಬದಿಯಲ್ಲಿ ಹೊಸ ಔಷಧಗಳ ಹೆಸರು ಬರೆದಿದ್ದೇನೆ. ನರ್ಸ್ ಕೊಲೆಟ್ ಅವರಿಗೆ ತೋರಿಸಿ, ಅವರನ್ನು ಕೇಳಿ ಮಾಡಿ.

ಅಕ್ಕ, ಇಲ್ಲಿಗೆ ಬಂದ ಮೇಲೆ ಮೊದಲ ಸಲ ನನ್ನ ಓದು ಯಾರಿಗೋ ಉಪಯೋಗಕ್ಕೆ ಬಂತು ಅನ್ನಿಸುತ್ತಿದೆ.

ಅಡಕೋಲೆ

*

ಕಲಬಾರ್
5 ಮಾರ್ಚ್ 1996

ಅಕ್ಕ,

ಈ ಕಾಗದ ಸಿಕ್ಕಿದ ತಕ್ಷಣ ಓದು. ಹೋದ ಕಾಗದದಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಬಿಟ್ಟದ್ದಲ್ಲ, ನನಗೆ ಗೊತ್ತಿರಲಿಲ್ಲ. ಆ ಪಾಠದ ವಾರ ನಾನು ಮಲೇರಿಯಾ ಬಂದು ಮಲಗಿದ್ದೆ. ಆರ್ಚಿಬಾಂಗನ ನೋಟ್ಸ್ ನೋಡಿ ಬರೆದುಕೊಂಡೆ, ಕೊನೆಯ ಪುಟ ಆಮೇಲೆ ಬರೆದರಾಯಿತು ಅಂತ ಬಿಟ್ಟೆ. ನಿನ್ನೆಯ ಕಿರುಪರೀಕ್ಷೆಯಲ್ಲಿ ಅದನ್ನೇ ಕೇಳಿದರು.

ಆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು. ಎಷ್ಟೇ ಮಂಕು ಮಾಡಲಿ, ನಿಲ್ಲಿಸಬಾರದು. ವಾರಗಟ್ಟಲೆ, ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಹೋಗಬೇಕು, ಅದೂ ಆಸ್ಪತ್ರೆಯವರ ಕಣ್ಣೆದುರು. ಒಮ್ಮೆಲೇ ಬಿಟ್ಟರೆ ಮೂರ್ಛೆಗಳು ಒಂದರ ಹಿಂದೆ ಒಂದು, ನಡುವೆ ಎಚ್ಚರವೇ ಆಗದ ಹಾಗೆ ಬರುತ್ತವೆ. ಉಸಿರು ನಿಲ್ಲಬಹುದು.

ತಂತಿ ಕೊಡೋಣ ಅಂತ ಹೋದೆ. "ಒತುಕ್ಪೊವರ್ಗೂ ಹೋಗುತ್ತೆ, ಅಲ್ಲಿಂದ ನಿಮ್ಮೂರಿಗೆ ಯಾರು ಹೊತ್ಕೊಂಡ್ ಹೋಗ್ತಾರೆ?" ಅಂದ ಗುಮಾಸ್ತ. ಪೆಟ್ರೋಲ್ ಇಲ್ಲದೆ ಲಾರಿಗಳೂ ನಿಂತಿವೆ. ನರ್ಸನ್ನು ಕೇಳಿಯೇ ಮಾಡಿ ಅಂತ ಬರೆದಿದ್ದೆನಲ್ಲ. ನೀವು ಕೇಳಿರುತ್ತೀರಿ, ಅವರು ತಡೆದಿರುತ್ತಾರೆ. ಅಷ್ಟೇ ಧೈರ್ಯ.

ಅಡಕೋಲೆ

*

ಒಕೆತೆ
9 ಮಾರ್ಚ್ 1996

ನಮ್ಮ ಡಾಕ್ಟರಿಗೆ,

ಇನ್ನು ಮೇಲೆ ಇಲಿ ಡಾಕ್ಟರ್ ಅನ್ನುವುದಿಲ್ಲ. ನಿನ್ನ ಫೆಬ್ರವರಿಯ ಕಾಗದ ಹೋದ ಸೋಮವಾರ ಬಂತು. ಅವತ್ತಿನಿಂದಲೇ ಮಾತ್ರೆ ನಿಲ್ಲಿಸಿದೆವು. ಏನು ಹೇಳಲಿ! ಮೂರನೇ ದಿನಕ್ಕೆ ಹುಡುಗಿ ಕೋಳಿಗಿಂತ ಮೊದಲು ಎದ್ದಳು. ಏಳರ ಮಗ್ಗಿಯನ್ನು ನಿಲ್ಲದೆ ಹೇಳಿದಳು. ಸುಣ್ಣದ ಕಡ್ಡಿ ತುರುಕಲು ಬಂದ ಹುಡುಗನ ಕೈ ಹಿಡಿದು ಕಚ್ಚಿದಳು. ನಾನು ಮೇಷ್ಟ್ರಮ್ಮ, ಬೈಯಬೇಕಿತ್ತು. ಬೋರ್ಡಿನ ಕಡೆ ತಿರುಗಿಕೊಂಡು ನಕ್ಕೆ.

ನಿನ್ನೆ ಅವ್ವ ಗೆಣಸು ಕುಟ್ಟುತ್ತಿದ್ದಾಗ ಒನಕೆಯ ತಾಳಕ್ಕೆ ಹಾಡಿದಳು, ಹದಿನೆಂಟು ತಿಂಗಳ ಮೇಲೆ. ಅವ್ವ ಕುಟ್ಟುವುದನ್ನು ನಿಲ್ಲಿಸಿದರೆ ಹಾಡೂ ನಿಲ್ಲುತ್ತದೇನೋ ಅಂತ, ಗೆಣಸು ನುಣ್ಣಗಾದ ಮೇಲೂ ಕುಟ್ಟುತ್ತಲೇ ಇದ್ದಳು. ಅಪ್ಪ ಬಾಗಿಲಲ್ಲಿ ನಿಂತು, "ನೋಡಿದ್ಯೇನೇ, ಮಿಷನ್‌ನವ್ರು ಎರಡು ವರ್ಷ ನಿದ್ದೆ ಮಾಡ್ಸಿದ್ರು. ನನ್ ಮಗ ಒಂದ್ ಕಾಗದದಲ್ಲಿ ಎಬ್ಬಿಸ್ದ" ಅಂದ.

ಹೊಸ ಔಷಧಕ್ಕೆ ಆಸ್ಪತ್ರೆಗೆ ಹೋಗಬೇಕು. ಪೆಟ್ರೋಲ್ ಬಂದು ಗಾಡಿ ಓಡಲಿ, ಹೋಗುತ್ತೇವೆ. ಅವಳು ತಾನೇ ಬರೆದ ಒಂದು ಪುಟ ಇದರೊಳಗೆ ಇಟ್ಟಿದ್ದೇನೆ. ಈ ಸಲ ಓದಲು ಬರುತ್ತದೆ ನೋಡು.

ಅಜುಮ

*

ಒಕೆತೆ
17 ಮಾರ್ಚ್ 1996

ಕೋಲೆ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ ಅಂತ ಬರೆಯುವಾಗಲೇ ಗೊತ್ತಿದೆ. ಆದರೂ ಬರೆಯುತ್ತೇನೆ. ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ.

ಬುಧವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಮಕ್ಕಳೆಲ್ಲ ಸಾಲಾಗಿ ನಿಂತಿದ್ದಾಗ ಇಹೊತು ಬಿದ್ದಳು. ಓಡಿಹೋಗಿ ಮಗ್ಗುಲಿಗೆ ಮಲಗಿಸಿದೆ. ಹಿಂದೆಲ್ಲ ಹಾಗೇ ಮಾಡುತ್ತಿದ್ದೆವಲ್ಲ, ಸ್ವಲ್ಪ ಹೊತ್ತಿಗೆ ಕಣ್ಣು ಬಿಡುತ್ತಿದ್ದಳು. ಈ ಸಲ ಕಣ್ಣು ಬಿಡುವ ಮೊದಲೇ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ಏಳರವರೆಗೆ ಎಣಿಸಿದೆ, ಆಮೇಲೆ ಎಣಿಸಲಿಲ್ಲ.

ಗಾಡಿ ಇಲ್ಲ. ಅಪ್ಪ ಸ್ಟೇಷನ್ನಿಗೆ ಓಡಿ, ಹಳಿ ರಿಪೇರಿಯವರ ತಳ್ಳುಗಾಡಿ ಕೇಳಿ ತಂದ. ಹಳಿಯ ಮೇಲೆ ನಾಲ್ಕು ಜನ ಗ್ಯಾಂಗ್‌ಮನ್‌ಗಳು ಹನ್ನೊಂದು ಮೈಲಿ ತಳ್ಳಿದರು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಬಿಸಿಲು ಬೀಳದ ಹಾಗೆ ಅಪ್ಪ ತನ್ನ ಟೋಪಿ ಹಿಡಿದುಕೊಂಡು ಪಕ್ಕದಲ್ಲೇ ಓಡುತ್ತಿದ್ದ. ಅರವತ್ತರ ಮುದುಕ, ಒಂದು ಸಲವೂ ಗಾಡಿ ಹತ್ತಲಿಲ್ಲ.

ನರ್ಸ್ ಕೊಲೆಟ್ ನೋಡಿದವರೇ ಕೇಳಿದರು, "ಮಾತ್ರೆ ನಿಲ್ಲಿಸಿದ್ರಾ?"

"ನಿಲ್ಲಿಸಿದ್ವಿ," ಅಂದ ಅಪ್ಪ. "ನನ್ ಮಗ ಡಾಕ್ಟ್ರು. ಅವ್ನೇ ಹೇಳಿದ್ದು."

ಅವರು ಓಡಿಹೋಗಿ ಔಷಧದ ಸೀಸೆ ತಂದರು. ಸೂಜಿ ಹಾಕಿದರು, ಮತ್ತೆ ಹಾಕಿದರು. ಮಧ್ಯಾಹ್ನ ಮೂರಕ್ಕೆ ಎಲ್ಲ ನಿಂತಿತು. ಮೂರ್ಛೆ ನಿಂತಿತು ಅಂತ ಅಪ್ಪ ಅಂದುಕೊಂಡ. "ನಿದ್ದೆ ಹೋದ್ಲಾ ಸಿಸ್ಟರ್?" ಅಂದ.

ನಿನಗೆ ಹೇಳಬೇಕಾದದ್ದು ಇದಲ್ಲ. ಆ ಸೋಮವಾರ ನಿನ್ನ ಕಾಗದ ಓದಿ ಹೇಳಿದ್ದು ನಾನು. 'ನಿಲ್ಲಿಸಬೇಕು' ಅನ್ನುವ ಸಾಲು ಬರುವಷ್ಟರಲ್ಲಿ ಅಪ್ಪ ಎದ್ದು ಹಾಲಿನ ಪುಡಿಯ ಡಬ್ಬ ಕೈಗೆತ್ತಿಕೊಂಡಿದ್ದ. ಮಾತ್ರೆಗಳು ಅದರಲ್ಲೇ ಇದ್ದವು. ನರ್ಸನ್ನು ಕೇಳಬೇಕಂತೆ ಅಪ್ಪಾ ಅಂತ ಕೂಗಿದೆ. "ಡಾಕ್ಟ್ರೇ ಹೇಳಿದ್ ಮೇಲೆ ನರ್ಸಮ್ಮನ್ನ ಏನ್ ಕೇಳೋದು?" ಅಂತ ಹಿತ್ತಲಿಗೆ ಹೋಗಿ ಎಲ್ಲವನ್ನೂ ಕಕ್ಕಸಿನ ಗುಂಡಿಗೆ ಸುರಿದ.

ಅವನು ಡಾಕ್ಟರ್ ಅಲ್ಲ ಅಪ್ಪಾ. ಅಷ್ಟೇ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ನಿನಗೆ ಕೊಟ್ಟ ಮಾತು ನೆನಪಾಯಿತು. ಇನ್ನೂ ನಿಜ ಹೇಳಬೇಕೆಂದರೆ, ಅವಳು ನನ್ನ ಕ್ಲಾಸಿನಲ್ಲಿ ಎಚ್ಚರವಾಗಿ ಕೂರುವುದನ್ನು ನೋಡುವ ಆಸೆ ನನಗೂ ಇತ್ತು. ಸುಮ್ಮನಾದೆ.

ಅಪ್ಪ ಈಗ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಾನೆ. "ಡಾಕ್ಟ್ರು ಹೇಳಿದ್ದು ಸರಿನೇ ಇತ್ತು, ಕಾಯಿಲೆ ದೊಡ್ಡದಿತ್ತು." ಆ ಮಾತನ್ನು ಹಿಡಿದುಕೊಂಡೇ ಅವನು ಎದ್ದು ಕೂರುತ್ತಾನೆ, ಉಣ್ಣುತ್ತಾನೆ. ನಿನಗೆ ತಿಳಿಸಬಾರದು ಅಂತಲೂ ಹೇಳಿದ್ದಾನೆ. "ಅವ್ನು ಓದ್ಲಿ. ಹೇಳಿದ್ರೆ ಪುಸ್ತಕ ಬಿಸಾಕಿ ಓಡ್ ಬರ್ತಾನೆ."

ಅವಳನ್ನು ಚರ್ಚಿನ ಹಿಂದೆ, ಗೋಡಂಬಿ ಮರದ ಪಕ್ಕ ಮಣ್ಣು ಮಾಡಿದೆವು.

*

ಒಕೆತೆ
30 ಮಾರ್ಚ್ 1996

ತಮ್ಮ ಅಡಕೋಲೆಗೆ,

ನಿನ್ನ ಮಾರ್ಚ್ 5ರ ಕಾಗದ ಬುಧವಾರ ತಲುಪಿತು. ನೀನು ಹೆದರುವಂಥದ್ದು ಏನೂ ಇಲ್ಲ. ನರ್ಸ್ ಕೊಲೆಟ್ ಕೂಡ ನೀನು ಬರೆದದ್ದನ್ನೇ ಹೇಳಿದರು. ಇಹೊತುವಿಗೆ ಈಗ ಯಾವ ತೊಂದರೆಯೂ ಇಲ್ಲ. ಅಪ್ಪ ಅವ್ವ ಚೆನ್ನಾಗಿದ್ದಾರೆ. ಮೊದಲ ಮಳೆ ಬಿತ್ತು.

ಇನ್ನು ಮೇಲೆ ಔಷಧದ ವಿಷಯ ಬರೆಯಬೇಡ. ನಿನ್ನ ಓದು ನೋಡಿಕೊ.

ಅಜುಮ

*

ಕಲಬಾರ್
26 ಮೇ 1996

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡೂ ಕಾಗದ ಒಂದೇ ದಿನ ಕೈಗೆ ಬಂದವು. ಮೊದಲನೆಯದರಲ್ಲಿ ಮಾತ್ರೆ ನಿಲ್ಲಿಸಿದೆವು ಅಂತ ಓದಿದವನೇ ಎರಡನೆಯದನ್ನು ಒಡೆದೆ, ಅದನ್ನು ಓದಿ ಮಂಚದ ಮೇಲೆ ಕೂತು ಅತ್ತುಬಿಟ್ಟೆ. ಆರ್ಚಿಬಾಂಗ್ ಹೆದರಿ, "ಏನೋ, ಮನೇಲಿ ಯಾರಿಗಾದ್ರೂ ಏನಾದ್ರೂ ಆಯ್ತಾ?" ಅಂದ. ಏನೂ ಆಗಿಲ್ಲ ಕಣೋ, ಅದಕ್ಕೇ ಅಳ್ತಿರೋದು ಅಂದೆ. ಆ ಖುಷಿಗೆ ಇಬ್ಬರೂ ಹೋಗಿ ಅವರೆಕಾಳು, ಕರಿದ ಬಾಳೆ ತಿಂದು ಬಂದೆವು.

ಅವಳು ಬರೆದ ಪುಟವನ್ನು ತಲೆದಿಂಬಿನ ಮೇಲುಗಡೆ ಗೋಡೆಗೆ ಅಂಟಿಸಿದ್ದೇನೆ. 'ಅಣ್ಣ, ಇಲಿಗೆ ಹೆಸರು ಇದೆಯಾ?' ಅಂತ ಕೇಳಿದ್ದಾಳೆ. ಇಲ್ಲ, ನಂಬರು ಇದೆ ಅಂತ ಹೇಳು.

ಇಲ್ಲಿ ಮೇಷ್ಟ್ರುಗಳ ಮುಷ್ಕರ ನಡೆಯುತ್ತಿದೆ. ಏಪ್ರಿಲಿನಿಂದ ಪಾಠವಿಲ್ಲ. ಹುಡುಗರು ಒಬ್ಬೊಬ್ಬರೇ ಊರಿಗೆ ಹೋದರು, ಆರ್ಚಿಬಾಂಗನೂ ನಾಳೆ ಹೊರಡುತ್ತಾನೆ. ಲ್ಯಾಬಿನ ಪ್ರಾಣಿಗಳನ್ನು ನೋಡಿಕೊಳ್ಳಲು ಒಬ್ಬರು ಬೇಕು ಅಂದಾಗ ನಾನು ಒಪ್ಪಿಕೊಂಡೆ. ಅವುಗಳಿಗೆ ಮುಷ್ಕರ ಗೊತ್ತಿಲ್ಲ, ಹೊತ್ತಿಗೆ ಸರಿಯಾಗಿ ಕೂಗುತ್ತವೆ.

ಆಗಸ್ಟಿನಲ್ಲಿ ಬರುತ್ತೇನೆ. ಇಹೊತುವಿಗೆ ಒಂದು ಬಣ್ಣದ ಪೆನ್ಸಿಲ್ ಡಬ್ಬ ತೆಗೆದಿಟ್ಟಿದ್ದೇನೆ. ಅವಳಿಗೆ ಹೇಳಬೇಡ. ನೀನೇಕೆ ಅಷ್ಟು ಚಿಕ್ಕ ಕಾಗದ ಬರೆದೆ? ಔಷಧದ ವಿಷಯ ಬೇಡ ಅಂದದ್ದೇಕೆ? ನನ್ನ ಮೇಲೆ ಕೋಪವಾ?

ಅಡಕೋಲೆ

*

ಒಕೆತೆ
20 ಜೂನ್ 1996

ಅಡಕೋಲೆ,

ಕೋಪವಿಲ್ಲ. ಆಗಸ್ಟಿನಲ್ಲಿ ಬರಬೇಡ. ದಾರಿ ಸರಿಯಿಲ್ಲ, ಲಾರಿಗಳನ್ನು ತಡೆದು ದೋಚುತ್ತಿದ್ದಾರಂತೆ. ಅಪ್ಪನಿಗೂ ಈಗ ನೀನು ಬರುವುದು ಬೇಡವಂತೆ. ಓದು ಮುಗಿಸಿಕೊಂಡೇ ಬರಲಿ ಅನ್ನುತ್ತಾನೆ.

ಪೆನ್ಸಿಲ್ ಡಬ್ಬವನ್ನು ಅಲ್ಲೇ ಯಾರಾದರೂ ಮಕ್ಕಳಿಗೆ ಕೊಡು. ಇಲ್ಲಿ ಪೆನ್ಸಿಲ್ ಇವೆ.

ಅಜುಮ

*

ಕಲಬಾರ್
14 ಜುಲೈ 1996

ತೀರ್ಥರೂಪ ಅಪ್ಪನಿಗೆ,

ನಿನ್ನ ಮಗ ಅಡಕೋಲೆ ಮಾಡುವ ನಮಸ್ಕಾರಗಳು. ಈ ಕಾಗದವನ್ನು ನಿನ್ನ ಹೆಸರಿಗೇ ಹಾಕುತ್ತಿದ್ದೇನೆ, ಅಕ್ಕನ ಹೆಸರಿಗಲ್ಲ. ನಾನು ಬರುವುದು ನಿನಗೆ ಬೇಡವಾಗಿದೆ ಅಂತ ಅಕ್ಕ ಬರೆದಾಗಲೇ ನನಗೆ ಅರ್ಥವಾಯಿತು. ನಿನಗೆ ವಿಷಯ ತಿಳಿದುಹೋಗಿದೆ. ಅದಕ್ಕೇ ಕೋಪ.

ಹೌದು ಅಪ್ಪ. ನಾನು ಡಾಕ್ಟರಿಗೆ ಓದುತ್ತಿಲ್ಲ. ಮೊದಲ ದಿನದಿಂದಲೂ ಓದುತ್ತಿಲ್ಲ. ಔಷಧಗಳು ಹೇಗೆ ಕೆಲಸ ಮಾಡುತ್ತವೆ ಅನ್ನುವುದನ್ನು ಮಾತ್ರ ಓದುತ್ತೇನೆ. ಕಾಯಿಲೆಯವರಿಗೆ ಇದು ಕೊಡಿ, ಅದು ನಿಲ್ಲಿಸಿ ಅನ್ನುವ ಅಧಿಕಾರ ನನಗೆ ಇಲ್ಲ, ಮುಂದೆಯೂ ಬರುವುದಿಲ್ಲ. ನೀನು ಸ್ಟೇಷನ್ನಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೆ. ನಿನ್ನ ತಲೆ ತಗ್ಗಿಸಬಾರದು ಅಂತ ಮುಚ್ಚಿಟ್ಟೆ. ಅಕ್ಕನಿಂದ ಮಾತು ತೆಗೆದುಕೊಂಡಿದ್ದೆ, ಅವಳದು ತಪ್ಪಿಲ್ಲ.

ಇಹೊತುವಿನ ವಿಷಯದಲ್ಲಿ ದೇವರು ದೊಡ್ಡವನು. ನನ್ನ ಅರ್ಧ ಓದಿನಿಂದ ಅವಳಿಗೆ ದೊಡ್ಡ ಅಪಾಯ ಆಗಬಹುದಿತ್ತು, ನರ್ಸ್ ಕಾಪಾಡಿದರು. ಮುಂದೆ ನಾನು ದುಡಿಯುವ ಹಾಗಾದಾಗ ಅವಳನ್ನು ನಿಜವಾದ ಡಾಕ್ಟರಿಗೆ ತೋರಿಸೋಣ.

ಬೈದಾದರೂ ಒಂದು ಸಾಲು ಬರೆಸು.

ನಿನ್ನ ಮಗ,
ಅಡಕೋಲೆ

*

ಒಕೆತೆ
11 ಆಗಸ್ಟ್ 1996

ಕೋಲೆ,

ಕೂತುಕೊಂಡು ಓದು. ಆರ್ಚಿಬಾಂಗ್ ಊರಿನಿಂದ ವಾಪಸು ಬಂದಿದ್ದರೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದು.

ಇಹೊತು ಇಲ್ಲ. ಮಾರ್ಚ್ 13ರಂದು ಹೋದಳು. ಮಾತ್ರೆ ನಿಲ್ಲಿಸಿ ಒಂಬತ್ತು ದಿನಕ್ಕೆ. ಹೇಗೆ ಅಂತ ಆಗಲೇ ಒಂದು ಕಾಗದದಲ್ಲಿ ಬರೆದಿಟ್ಟಿದ್ದೆ, ಅದನ್ನೂ ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿ ನನ್ನ ಪಾಲು ಎಷ್ಟು ಅಂತಲೂ ಇದೆ. ಮಾರ್ಚ್ 30ರಂದು ನಿನಗೆ ಬರೆದದ್ದು ಸುಳ್ಳು.

ನೀನು ಅಪ್ಪನಿಗೆ ಬರೆದ ಕಾಗದ ಬಂದಾಗ ನಾನು ಒತುಕ್ಪೊಗೆ ಹೋಗಿದ್ದೆ. ಚರ್ಚಿನ ಉಪದೇಶಿ ಓದಿ ಹೇಳಿದರಂತೆ. ಅಪ್ಪ ಅವರಿಂದ ಎರಡು ಸಲ ಓದಿಸಿದನಂತೆ. ನಾನು ಬಂದಾಗ ಬಾಗಿಲ ಕಟ್ಟೆಯ ಮೇಲೆ ಕೂತಿದ್ದ.

"ನಿಂಗೆ ಗೊತ್ತಿತ್ತಾ?" ಅಂದ.

"ಗೊತ್ತಿತ್ತಪ್ಪಾ."

"ಯಾವಾಗಿಂದ?"

"ಹೋದ ನವೆಂಬರಿಂದ."

"ನಾನು ಡಬ್ಬ ತಗೊಂಡು ಹಿತ್ತಲಿಗೆ ಹೋದಾಗ ಗೊತ್ತಿತ್ತಾ?"

ಹೌದು ಅಂದೆ. ಹೊಡೆಯಲಿಲ್ಲ, ಕೂಗಾಡಲಿಲ್ಲ. ಎದ್ದು ಒಳಗೆ ಹೋದ. ಅವತ್ತಿನಿಂದ ನನ್ನ ಜೊತೆ ಒಂದು ಮಾತೂ ಇಲ್ಲ. ಸ್ಟೇಷನ್ನಿಗೂ ಹೋಗುವುದಿಲ್ಲ. ಕಾಯಿಲೆ ದೊಡ್ಡದಿತ್ತು ಅನ್ನುತ್ತಿದ್ದನಲ್ಲ, ಈಗ ಅದನ್ನೂ ಅನ್ನುವುದಿಲ್ಲ. ಅವ್ವ ತಟ್ಟೆ ಇಟ್ಟರೆ ಉಣ್ಣುತ್ತಾನೆ, ಇಡದಿದ್ದರೆ ಕೇಳುವುದಿಲ್ಲ.

ನಿನ್ನನ್ನು ಬೈಯಲು ನನಗೆ ಮುಖವಿಲ್ಲ. ಕ್ಷಮಿಸು ಅಂತ ಕೇಳಲೂ ಮುಖವಿಲ್ಲ. ಬರುವುದಾದರೆ ಬಾ. ಬರದಿದ್ದರೂ ನಾನು ಏನೂ ಅಂದುಕೊಳ್ಳುವುದಿಲ್ಲ.

ಅಜುಮ

*

ಕಲಬಾರ್
5 ಜನವರಿ 1997

ಅಕ್ಕ,

ಐದು ತಿಂಗಳು ಬರೆಯಲಿಲ್ಲ. ಆಮೇಲೆ ನೀನು ಹಾಕಿದ ಮೂರು ಕಾಗದಗಳನ್ನೂ ಓದಿದ್ದೇನೆ. ಏನಂತ ಬರೆಯಲಿ?

ಮುಷ್ಕರ ಮುಗಿದು ಪಾಠ ಶುರುವಾಗಿದೆ. ಓದು ಬಿಡುತ್ತೇನೆ ಅಂತ ಒಂದು ದಿನ ಮೇಷ್ಟ್ರ ಹತ್ತಿರ ಹೋದೆ. "ಬಿಟ್ಟು ಏನ್ ಮಾಡ್ತೀಯಾ?" ಅಂದರು. ವಾಪಸು ಬಂದೆ. ಈಗ ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ಓದುವವನು ನಾನೇ. ಯಾವ ಪುಸ್ತಕದಲ್ಲೂ ಕೊನೆಯ ಪುಟ ಬಿಡುವುದಿಲ್ಲ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಅಂತ ಗೊತ್ತು.

ಒಂದು ವಿಷಯ ನಿನಗೆ ಮಾತ್ರ ಹೇಳುತ್ತೇನೆ. ಡಿಸೆಂಬರ್ 23ರಂದು ನಾನು ಊರಿಗೆ ಬಂದಿದ್ದೆ. ಲಾರಿ ಸಂತೆಯ ಹತ್ತಿರ ಇಳಿಸಿತು. ಚೀಲ ಹೆಗಲಿಗೆ ಹಾಕಿಕೊಂಡು ಹತ್ತು ಹೆಜ್ಜೆ ಬಂದೆ. ಅಪ್ಪನ ದನಿ ಕೇಳಿಸಿತು. ಗೆಣಸಿನ ರಾಶಿಯ ಆಚೆ ಒಬ್ಬ ಹೆಂಗಸಿನ ಹತ್ತಿರ ಕೋಳಿ ಚೌಕಾಸಿ ಮಾಡುತ್ತಿದ್ದ. "ಇದು ಕೋಳೀನಾ ಪಾರಿವಾಳಾನಾ? ಕಾಲು ನೋಡು, ನನ್ ಕೈಬೆರಳಿಗಿಂತ ಸಣ್ಣ" ಅಂತ ಮೊದಲಿನ ಹಾಗೇ ಮಾತಾಡುತ್ತಿದ್ದ. ತಲೆಯ ಮೇಲೆ ಟೋಪಿ ಇರಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿದೆ. ಅದು ನನಗೆ ಗೊತ್ತಿರಲಿಲ್ಲ.

ಆ ಹೆಂಗಸು ನಕ್ಕಳು, ಅಪ್ಪನೂ ಸ್ವಲ್ಪ ನಕ್ಕ. ನಾನು ಎದುರು ಹೋಗಿ ನಿಂತರೆ ಆ ನಗು ನಿಲ್ಲುತ್ತದೆ ಅನ್ನಿಸಿತು. ರಾಶಿಯ ಹಿಂದೆಯೇ ನಿಂತುಬಿಟ್ಟೆ. ಅಷ್ಟರಲ್ಲಿ ಒತುಕ್ಪೊಗೆ ಹೊರಟ ಲಾರಿ ಹಾರ್ನ್ ಹೊಡೆಯಿತು. ಹತ್ತಿಬಿಟ್ಟೆ. ಗೋಡಂಬಿ ಮರದ ಹತ್ತಿರವೂ ಹೋಗಲಿಲ್ಲ.

ಅಪ್ಪನಿಗೆ ಹೇಳಬೇಡ.

ಅಡಕೋಲೆ

*

ಒಕೆತೆ
26 ಜನವರಿ 1997

ಕೋಲೆ,

ಹೇಳಬೇಕಾಗಿಯೇ ಇಲ್ಲ. ಅಪ್ಪ ನಿನ್ನನ್ನು ನೋಡಿದ.

ಅವತ್ತು ಸಂತೆಯಿಂದ ಬಂದವನು ಕೋಳಿಯನ್ನು ಅವ್ವನ ಕೈಗೆ ಕೊಟ್ಟು, ನೇರ ನಾನು ಬಟ್ಟೆ ಒಗೆಯುತ್ತಿದ್ದಲ್ಲಿಗೆ ಬಂದು ನಿಂತ. ಆಗಸ್ಟಿನಿಂದ ಮೊದಲ ಸಲ ನನ್ನ ಹೆಸರು ಹಿಡಿದು ಕರೆದ. "ಅಜುಮ, ಅವ್ನು ಬಂದಿದ್ದ. ಗೆಣಸಿನ ಹಿಂದೆ ನಿಂತಿದ್ದ" ಅಂದ. ನನಗೆ ಯಾರು ಅಂತಲೇ ಹೊಳೆಯಲಿಲ್ಲ. ಆಮೇಲೆ ಅವನೇ ಹೇಳಿದ, ನೀನು ಲಾರಿಯಿಂದ ಇಳಿದಾಗಲೇ ನೋಡಿದನಂತೆ. ನೀನು ಹತ್ತಿರ ಬರಲಿ ಅಂತ ಸುಮ್ಮನೆ ಕೋಳಿಯ ಮಾತಾಡುತ್ತಾ ನಿಂತನಂತೆ. ಹೆಂಗಸು ಹೇಳಿದ ಬೆಲೆಗೆ ಮೊದಲೇ ಒಪ್ಪಿಕೊಂಡು ಆಗಿತ್ತಂತೆ. ಸುಮ್ಮನೆ ಹೊತ್ತು ತಳ್ಳಲು ಮತ್ತೆ ಚೌಕಾಸಿ ಶುರುಮಾಡಿದ್ದಕ್ಕೇ ಅವಳು ನಕ್ಕದ್ದು.

"ಕರೀಬಾರದಿತ್ತಾ ಅಪ್ಪಾ?" ಅಂದೆ.

"ಕರೆದಿದ್ರೆ ಬರ್ತಿದ್ದ," ಅಂದ. "ಬಂದ್ರೆ ಮನೇಲಿ ಯಾರು ಯಾರ ಮುಖ ನೋಡೋದು?"

ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಇನ್ನೇನಾದರೂ ಹೇಳುತ್ತಾನೆ ಅಂತ ಕಾದೆ. ಒಗೆಯುವ ಕಲ್ಲಿನ ಮೇಲಿದ್ದ ಸೋಪನ್ನು ನೀರು ತಾಗದ ಹಾಗೆ ಪಕ್ಕಕ್ಕೆ ಸರಿಸಿಟ್ಟು ಒಳಗೆ ಹೋದ. ಅವ್ವನಿಗೆ ಹೇಳಿಲ್ಲ, ನಾನೂ ಹೇಳಿಲ್ಲ. ಕ್ರಿಸ್‌ಮಸ್ ದಿನ ಮೂವರೂ ಆ ಕೋಳಿ ಉಂಡೆವು.

ಆಮೇಲೆ ಅವನು ನನ್ನ ಜೊತೆ ಮಾತಾಡಿಲ್ಲ.

ಅಜುಮ